ಪ್ರಶ್ನೋತ್ತರ: ಮೊದಲು ಪ್ರಶ್ನೆ, ಆಮೇಲೆ ಆ್ಯಪ್

ತರಗತಿಯಲ್ಲಿ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚುವ ಪಾಠಕ್ರಮ (ಸಕ್ರಿಯ ಕಲಿಕೆ), ಅದಕ್ಕೆ ಬೇಕಾದ ತಂತ್ರಜ್ಞಾನ, ಅಧ್ಯಾಪಕರಿಗೆ ಅದರ ತರಬೇತಿ: ಈ ಮೂರರ ಸುತ್ತ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಅಧ್ಯಾಪಕರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನಮ್ಮ ಕಾಲೇಜಿನ 40 ಅಧ್ಯಾಪಕರಿಗೆ ಐದು ದಿನದ ಎಫ್‌ಡಿಪಿ (ಅಧ್ಯಾಪಕರ ತರಬೇತಿ ಕಾರ್ಯಕ್ರಮ) ಮಾಡಬೇಕೆಂದಿದ್ದೇವೆ. ದಿನಕ್ಕಿಬ್ಬರಂತೆ ಹತ್ತು ಮಂದಿ ಸಂಪನ್ಮೂಲ ವ್ಯಕ್ತಿಗಳನ್ನು ಕರೆಸುವ ಯೋಚನೆ ಇದೆ. ಸರ್ಟಿಫಿಕೇಟ್ ಕೊಟ್ಟು ಕೈತೊಳೆದುಕೊಳ್ಳುವ ಕಾರ್ಯಕ್ರಮ ಆಗಬಾರದು. ಹೇಗೆ ಮಾಡೋಣ?
— ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಘಟಕ) ಸಂಯೋಜಕಿ, ತುಮಕೂರು

ಉತ್ತರ: ಹತ್ತು ಮಂದಿ ಬೇಡ ಮೇಡಂ, ಇಬ್ಬರು ಸಾಕು. ಐದು ದಿನ ಒಟ್ಟಿಗೆ ಬೇಡ, ಮೂರೇ ದಿನ ಸಾಕು, ಆದರೆ ಎರಡನೆಯ ದಿನಕ್ಕೂ ಮೂರನೆಯ ದಿನಕ್ಕೂ ನಡುವೆ ಐದಾರು ವಾರಗಳ ಅಂತರವಿರಲಿ. ಸಕ್ರಿಯ ಕಲಿಕೆಯ ಬಗ್ಗೆ ಎರಡು ಗಂಟೆ ಪಿಪಿಟಿ ಓದಿಸುವ ತರಬೇತಿಗಳನ್ನು ನೀವೂ ನೋಡಿರುತ್ತೀರಿ. ಕೇಳಿಸಿಕೊಂಡು ಕೂತ ಅಧ್ಯಾಪಕರು ಮರುದಿನ ತಮ್ಮ ತರಗತಿಗೆ ಹೋಗಿ ಅದೇ ರೀತಿ ಪಾಠ ಮಾಡುತ್ತಾರೆ. ಅವರಿಗೆ ತೋರಿಸಿಕೊಟ್ಟಿದ್ದೂ ಅದನ್ನೇ ತಾನೆ?

ಕಾರ್ಯಕ್ರಮಕ್ಕೆ ಹತ್ತು ದಿನ ಮೊದಲು ಎಲ್ಲರಿಗೂ ಒಂದು ಕೆಲಸ ಕೊಡಿ. ತಮ್ಮ ಪತ್ರಿಕೆಯ ಒಂದೇ ಒಂದು ಯೂನಿಟ್ ಆರಿಸಿಕೊಂಡು, ಹಿಂದಿನ ಇಂಟರ್ನಲ್ಸ್ ಉತ್ತರಪತ್ರಿಕೆಗಳನ್ನು ತಿರುವಿಹಾಕಿ, ಹುಡುಗರು ಮತ್ತೆ ಮತ್ತೆ ತಪ್ಪುವ ಮೂರು ಜಾಗಗಳನ್ನು ಬರೆದು ತರಲಿ. ಈ ಮೂರು ಸಾಲು ಇಲ್ಲದೆ ಬಂದವರಿಗೆ ಇಡೀ ತರಬೇತಿ ಗಾಳಿಗೆ ತೂರಿದಂತೆ.

ಮೊದಲ ದಿನ ಬೆಳಿಗ್ಗೆ ಅಧ್ಯಾಪಕರೇ ವಿದ್ಯಾರ್ಥಿಗಳು. ತಜ್ಞರು ಒಂದು ಪಾಠವನ್ನು ಸಕ್ರಿಯ ವಿಧಾನದಲ್ಲೇ ನಡೆಸಿ ತೋರಿಸಬೇಕು: ಪ್ರಶ್ನೆ, ಉತ್ತರಕ್ಕೆ ಮತ, ಚರ್ಚೆ, ಮರುಮತ. ಮಧ್ಯಾಹ್ನ ಪ್ರತಿಯೊಬ್ಬರೂ ತಾವು ತಂದ ಮೂರು ತಪ್ಪುಗಳಿಗೆ ಮೂರು ಬಹುಆಯ್ಕೆ ಪ್ರಶ್ನೆ ಬರೆಯಲಿ. ಒಂದೊಂದು ಪ್ರಶ್ನೆಗೆ 20 ನಿಮಿಷ ಹಿಡಿಯುತ್ತದೆ. ಕಡಿಮೆ ಅನ್ನಿಸಿದರೆ ಹೆಚ್ಚಿಸಿ, ಈ ಹೊತ್ತನ್ನು ಮಾತ್ರ ಕತ್ತರಿಸಬೇಡಿ. ಎರಡನೆಯ ದಿನ ಐವರ ಎಂಟು ಗುಂಪು ಮಾಡಿ. ಒಬ್ಬರಿಗೆ 7 ನಿಮಿಷ ಪಾಠ, 5 ನಿಮಿಷ ಗುಂಪಿನ ಟೀಕೆ. ಒಂದು ಸುತ್ತು ಸರಿಯಾಗಿ ಒಂದು ಗಂಟೆ. ಊಟದ ನಂತರ ತಿದ್ದಿದ ಪಾಠದ ಎರಡನೆಯ ಸುತ್ತು. ಎಂಟು ಗುಂಪಿಗೂ ಎಂಟು ಬೇರೆ ಬೇರೆ ಮೂಲೆ ಬೇಕು. ಒಂದೇ ಸೆಮಿನಾರ್ ಹಾಲ್‌ನಲ್ಲಿ ಕೂರಿಸಿದರೆ ಯಾರ ಮಾತೂ ಯಾರಿಗೂ ಕೇಳಿಸದು.

ಆಮೇಲಿನ ಐದಾರು ವಾರದಲ್ಲಿ ಪ್ರತಿಯೊಬ್ಬರೂ ತಮ್ಮ ನಿಜವಾದ ತರಗತಿಯಲ್ಲಿ ಎರಡು ಸಲ ಪ್ರಯೋಗಿಸಬೇಕು. ಆಗ ಸಹೋದ್ಯೋಗಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಎರಡೆರಡು ನಿಮಿಷಕ್ಕೊಮ್ಮೆ ಎರಡೇ ಸಂಗತಿ ಗುರುತು ಹಾಕಲಿ: ಅಧ್ಯಾಪಕರು ಏನು ಮಾಡುತ್ತಿದ್ದಾರೆ, ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ. 2013ರಲ್ಲಿ ಪ್ರಕಟವಾದ ಕೋಪಸ್ ಎಂಬ ವೀಕ್ಷಣಾ ವಿಧಾನದ ಸರಳ ರೂಪವಿದು. ಮೂಲದಲ್ಲಿ 25 ಸಂಕೇತಗಳಿವೆ, ನಿಮಗೆ ಏಳೆಂಟು ಸಾಕು: ವಿವರಣೆ, ಬರವಣಿಗೆ, ಪ್ರಶ್ನೆ, ಓಡಾಟ, ಕೇಳುವುದು, ಒಬ್ಬರೇ ಯೋಚಿಸುವುದು, ಗುಂಪು ಚರ್ಚೆ, ಉತ್ತರ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಅಭಿಪ್ರಾಯ ಆ ಹಾಳೆಯಲ್ಲಿ ಬರಕೂಡದು. ಬಂದರೆ ಮುಂದಿನ ಸಲ ಯಾರೂ ಯಾರನ್ನೂ ಒಳಗೆ ಬಿಡುವುದಿಲ್ಲ. ಮೂರನೆಯ ದಿನ ಈ ಹಾಳೆಗಳನ್ನು ಮುಂದಿಟ್ಟುಕೊಂಡು ಪರಾಮರ್ಶೆ. ಸರ್ಟಿಫಿಕೇಟ್ ಆ ದಿನವೇ, ಅದಕ್ಕೆ ಮೊದಲು ಬೇಡ.

ಹೆಚ್ಚಾಗಿ ಕೆಡುವುದು ಆ್ಯಪ್‌ಗಳ ಆಸೆಯಿಂದ. ಒಂದೇ ದಿನ ಆರೇಳು ಸಲಕರಣೆ ತೋರಿಸಹೊರಟರೆ ಅರ್ಧ ಹೊತ್ತು ಪಾಸ್‌ವರ್ಡ್ ಮರೆತವರ ಲಾಗಿನ್‌ಗೇ ಹೋಗುತ್ತದೆ. ಒಂದು ತರಬೇತಿಗೆ ಒಂದೇ ಸಲಕರಣೆ ಇರಲಿ, ಖಾತೆಗಳನ್ನು ಹಿಂದಿನ ವಾರವೇ ತೆರೆಸಿಡಿ. ಇನ್ನೊಂದು, ವಿಜ್ಞಾನದವರಿಗೂ ವಾಣಿಜ್ಯದವರಿಗೂ ಒಂದೇ ಉದಾಹರಣೆ ಒಗ್ಗುವುದಿಲ್ಲ. ಗುಂಪು ಮಾಡುವಾಗ ವಿಷಯ ನೋಡಿ ಮಾಡಿ.

ಪ್ರಶ್ನೆ: ತರಬೇತಿಯಲ್ಲಿ ಕಲಿತಂತೆ ಗೂಗಲ್ ಫಾರ್ಮ್‌ನಲ್ಲಿ ಪೋಲ್ ಹಾಕಿದೆ. ಹುಡುಗರು ಒತ್ತಿದರು, ಗ್ರಾಫ್ ಬಂತು, ಚಪ್ಪಾಳೆಯೂ ಬಿತ್ತು. ಆಮೇಲೆ ಏನು ಮಾಡಬೇಕೆಂದೇ ತೋಚಲಿಲ್ಲ.
— ಅರ್ಥಶಾಸ್ತ್ರ ಸಹಾಯಕ ಪ್ರಾಧ್ಯಾಪಕ, ಕೋಲಾರ

ಉತ್ತರ: ನಿಮ್ಮಲ್ಲಿ ಮತ ಬಿತ್ತು, ಚರ್ಚೆ ಬೀಳಲಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಶುರುಮಾಡಿದ 'ಪೀರ್ ಇನ್‌ಸ್ಟ್ರಕ್ಷನ್' (ಸಹಪಾಠಿಗಳಿಂದಲೇ ಕಲಿಕೆ) ಕ್ರಮದಲ್ಲಿ ಪೋಲ್ ಬರೀ ಆರಂಭ. ನಿಮ್ಮೂರಿನ ಎಪಿಎಂಸಿಯ ಟೊಮ್ಯಾಟೊ ಇಟ್ಟುಕೊಂಡೇ ನೋಡೋಣ. ಬೇಡಿಕೆಯ ಸ್ಥಿತಿಸ್ಥಾಪಕತ್ವದ (ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ) ಪಾಠಕ್ಕೆ ಈ ಪ್ರಶ್ನೆ:

'ಮಾರುಕಟ್ಟೆಗೆ ಟೊಮ್ಯಾಟೊ ವಿಪರೀತ ಬಂತು. ಬಾಕ್ಸ್‌ನ ಬೆಲೆ ಶೇ 40ರಷ್ಟು ಇಳಿಯಿತು, ಮಾರಾಟವಾದ ಬಾಕ್ಸ್‌ಗಳ ಸಂಖ್ಯೆ ಶೇ 15ರಷ್ಟು ಏರಿತು. ಬೆಳೆಗಾರರೆಲ್ಲರ ಕೈಗೆ ಒಟ್ಟಾರೆ ಬಂದ ಹಣ: (ಎ) ಹೆಚ್ಚಿತು (ಬಿ) ಇಳಿಯಿತು (ಸಿ) ಹೆಚ್ಚುಕಮ್ಮಿ ಅಷ್ಟೇ ಉಳಿಯಿತು (ಡಿ) ಮೂಲ ಬೆಲೆ ಗೊತ್ತಿಲ್ಲದೆ ಹೇಳಲಾಗದು.'

ಉತ್ತರ ಬಿ. 0.60 ಗುಣಿಸು 1.15, ಅಂದರೆ 0.69, ಆದಾಯ ಶೇ 31ರಷ್ಟು ಇಳಿಯಿತು. ಈಗ ತಪ್ಪು ಉತ್ತರಗಳನ್ನು ಗಮನಿಸಿ. ಎ ಒತ್ತಿದವನ ತಲೆಯಲ್ಲಿ ಹೆಚ್ಚು ಮಾರಿದರೆ ಹೆಚ್ಚು ಹಣ ಎಂಬ ಲೆಕ್ಕವಿದೆ. ಸಿ ಒತ್ತಿದವನು ಬೆಲೆಯೂ ಪ್ರಮಾಣವೂ ಒಂದನ್ನೊಂದು ಸರಿತೂಗಿಸುತ್ತವೆ ಎಂದುಕೊಂಡಿದ್ದಾನೆ. ಡಿ ಒತ್ತಿದವನಿಗೆ ಶೇಕಡಾವಾರು ಲೆಕ್ಕದಲ್ಲೇ ತೊಡಕು, ಅರ್ಥಶಾಸ್ತ್ರದಲ್ಲಲ್ಲ. ಮೂರು ತಪ್ಪಿಗೆ ಮೂರು ಬೇರೆ ಮದ್ದು. ಇಂಥ ಪ್ರಶ್ನೆ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ. 'ಸ್ಥಿತಿಸ್ಥಾಪಕತ್ವದ ವ್ಯಾಖ್ಯೆ ಯಾವುದು?' ಎಂದು ಕೇಳಿದರೆ ಎಷ್ಟು ಒಳ್ಳೆಯ ಆ್ಯಪ್ ಇದ್ದರೂ ಚರ್ಚೆ ಹುಟ್ಟದು, ಅದು ನೋಟ್ಸ್‌ನಲ್ಲೇ ಇರುತ್ತದೆ.

ನಡೆಸುವ ಕ್ರಮ ಹೀಗೆ. ಹತ್ತು ನಿಮಿಷ ವಿವರಿಸಿ. ಪ್ರಶ್ನೆಯನ್ನು ಪರದೆಗೆ ಹಾಕಿ ಒಮ್ಮೆ ಗಟ್ಟಿಯಾಗಿ ಓದಿ, ಸುಮ್ಮನಾಗಿ. ಒಂದೂವರೆ, ಎರಡು ನಿಮಿಷ ಎಲ್ಲರೂ ಒಬ್ಬೊಬ್ಬರೇ ಯೋಚಿಸಿ ಉತ್ತರದ ಅಕ್ಷರವನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ಅಧ್ಯಾಪಕರಿಗೆ ಕಷ್ಟವಾಗುವುದು ಈ ಮೌನವೇ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ಅಳೆದು ತೋರಿಸಿದ್ದರು. ಆಮೇಲೆ ಮೊದಲ ಮತ. ಗ್ರಾಫನ್ನು ನೀವು ಮಾತ್ರ ನೋಡಿ, ಪ್ರೊಜೆಕ್ಟರ್‌ಗೆ ಹಾಕಬೇಡಿ. ಹಾಕಿದಿರೋ, ಎತ್ತರದ ಕಂಬ ಯಾವುದೋ ಅದೇ ಸರಿ ಅಂತ ಎಲ್ಲರೂ ಅತ್ತ ವಾಲುತ್ತಾರೆ, ಚರ್ಚೆ ಅಲ್ಲಿಗೆ ಸತ್ತಿತು.

ಸರಿ ಉತ್ತರ ಶೇ 30ಕ್ಕಿಂತ ಕಡಿಮೆ ಇದ್ದರೆ ಚರ್ಚೆಗೆ ಬಿಡಬೇಡಿ. ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಏನು ಹೇಳಿಯಾರು? ಇನ್ನೊಂದು ಉದಾಹರಣೆ ಕೊಟ್ಟು ಮತ್ತೆ ವಿವರಿಸಿ. ಶೇ 70 ದಾಟಿದ್ದರೆ ಅರ್ಧ ನಿಮಿಷದಲ್ಲಿ ಕಾರಣ ಹೇಳಿ ಮುಂದೆ ಹೋಗಿ. ನಡುವೆ ಬಿದ್ದರೆ ಅದೇ ಸುಗ್ಗಿ: 'ನಿಮ್ಮ ಉತ್ತರಕ್ಕಿಂತ ಬೇರೆ ಉತ್ತರ ಬರೆದವರನ್ನು ಹುಡುಕಿ ಒಪ್ಪಿಸಿ' ಎಂದು ಎರಡು ಮೂರು ನಿಮಿಷ ಬಿಡಿ. ಮಾತು ಕನ್ನಡದಲ್ಲೇ ನಡೆಯಲಿ, ತೆಲುಗು, ಉರ್ದು ಸೇರಿಕೊಂಡರೂ ತಕರಾರಿಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿ ಎಂಬ ಕಾರಣಕ್ಕೆ ಚರ್ಚೆಯನ್ನೂ ಇಂಗ್ಲಿಷಿಗೆ ತಳ್ಳಿದರೆ ನಾಲ್ಕು ಜನ ಮಾತಾಡುತ್ತಾರೆ, ಐವತ್ತಾರು ಜನ ತಲೆ ಬಗ್ಗಿಸುತ್ತಾರೆ. ಆಮೇಲೆ ಮರುಮತ, ಈಗ ಗ್ರಾಫ್ ಎಲ್ಲರಿಗೂ. ಕೊನೆಗೆ 'ಸಿ ಯಾಕೆ ಸರಿ ಅನ್ನಿಸುತ್ತೆ?' ಎಂದು ಕೇಳಿ. ತಪ್ಪಿದವರ ಕೈ ಎತ್ತಿಸದೆಯೇ ಅವರ ತಪ್ಪನ್ನು ಬಿಡಿಸಬಹುದು. ಒಂದು ಸುತ್ತಿಗೆ ಏಳೆಂಟು ನಿಮಿಷ. ಒಂದು ಗಂಟೆಯ ಪೀರಿಯಡ್‌ನಲ್ಲಿ ಎರಡು, ಹೆಚ್ಚೆಂದರೆ ಮೂರು ಪ್ರಶ್ನೆ.

ಬೆಂಚುಗಳನ್ನು ನೆಲಕ್ಕೆ ಬಿಗಿದಿದ್ದರೆ ಒಂದು, ಮೂರು, ಐದನೆಯ ಸಾಲಿನವರು ಹಿಂದಕ್ಕೆ ತಿರುಗಿ ಕೂರಲಿ, ಅಷ್ಟೇ. ಫಾರ್ಮ್‌ನ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಸಂಗ್ರಹವನ್ನೂ 'ಒಬ್ಬರಿಗೆ ಒಂದೇ ಉತ್ತರ' ಎಂಬುದನ್ನೂ ಆಫ್ ಮಾಡಿ. ಇವು ಲಾಗಿನ್ ಅಥವಾ ಇಮೇಲ್ ವಿಳಾಸ ಕೇಳುತ್ತವೆ, ಅದರಲ್ಲೇ ಐದು ನಿಮಿಷ ಹೋಗುತ್ತದೆ. ಮೊದಲ ಮತಕ್ಕೂ ಮರುಮತಕ್ಕೂ ಬೇರೆ ಬೇರೆ ಫಾರ್ಮ್ ಮಾಡಿ; ಒಂದರಲ್ಲೇ ಎರಡೂ ಸಲ ಒತ್ತಿಸಿದರೆ ಲೆಕ್ಕ ಕಲಸುಮೇಲೋಗರ.

ಪ್ರಶ್ನೆ: ನನ್ನ ತರಗತಿಯಲ್ಲಿ ಮೂರನೇ ಒಂದು ಭಾಗದ ಮಕ್ಕಳ ಬಳಿ ಸ್ಮಾರ್ಟ್‌ಫೋನ್ ಇಲ್ಲ, ಇದ್ದವರಿಗೆ ಡೇಟಾ ಇಲ್ಲ, ಕೊಠಡಿಯೊಳಗೆ ಸಿಗ್ನಲ್ಲೇ ಬರುವುದಿಲ್ಲ. ನಮ್ಮಂಥವರಿಗೆ ಈ ತರಬೇತಿಗಳಿಂದ ಏನುಪಯೋಗ?
— ಅತಿಥಿ ಉಪನ್ಯಾಸಕ, ಪಾವಗಡ

ಉತ್ತರ: ಪ್ಲಿಕರ್ಸ್ ಕಾರ್ಡ್‌ಗಳು ನಿಮಗೆ ಹೇಳಿ ಮಾಡಿಸಿದಂತಿವೆ. ಫೋನ್ ನಿಮ್ಮ ಕೈಯಲ್ಲೊಂದೇ ಸಾಕು. ವಿದ್ಯಾರ್ಥಿಗಳ ಕೈಯಲ್ಲಿ ಕಪ್ಪು ಚೌಕಗಳ ಚಿತ್ರವಿರುವ ಒಂದೊಂದು ಕಾಗದದ ಕಾರ್ಡ್. ಅದರ ನಾಲ್ಕು ಬದಿಯಲ್ಲಿ ಎ, ಬಿ, ಸಿ, ಡಿ ಸಣ್ಣದಾಗಿ ಅಚ್ಚಾಗಿರುತ್ತದೆ; ಯಾವ ಅಕ್ಷರವನ್ನು ಮೇಲೆ ಹಿಡಿದರೋ ಅದೇ ಅವರ ಉತ್ತರ. ಪ್ರತಿ ಕಾರ್ಡಿನ ಚಿತ್ರವೂ ಬೇರೆ, ಹಾಗಾಗಿ ಪಕ್ಕದವರ ಕಾರ್ಡ್ ನೋಡಿ ನಕಲು ಮಾಡುವುದು ಕಷ್ಟ. ನೀವು ಫೋನ್ ಕ್ಯಾಮೆರಾವನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಹಾಯಿಸಿದರೆ ಯಾರು ಏನು ಹೇಳಿದರೆಂದು ಹೆಸರು ಸಮೇತ ಬರುತ್ತದೆ.

40 ಕಾರ್ಡ್‌ಗಳ ಸೆಟ್, 63 ಕಾರ್ಡ್‌ಗಳ ಸೆಟ್ ಎರಡೂ ಪ್ಲಿಕರ್ಸ್ ತಾಣದಲ್ಲಿ ಉಚಿತ. ಸ್ವಲ್ಪ ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆಸಿ. ಬಾಳಿಕೆ ಬರಲೆಂದು ಹೊಳಪಿನ ಲ್ಯಾಮಿನೇಷನ್ ಮಾಡಿಸುವುದೇ ಎಲ್ಲರೂ ಮಾಡುವ ತಪ್ಪು: ಟ್ಯೂಬ್‌ಲೈಟ್, ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಕ್ಯಾಮೆರಾಗೆ ಚಿತ್ರವೇ ಕಾಣುವುದಿಲ್ಲ. ಕೊಠಡಿ ಉದ್ದವಾಗಿದ್ದರೆ ದೊಡ್ಡ ಅಳತೆಯ ಕಾರ್ಡ್ ಆರಿಸಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಬೇಕು, ಹೆಬ್ಬೆರಳು ಚಿತ್ರದ ಮೇಲೆ ಬಂದರೆ ಆ ಉತ್ತರ ಬರುವುದಿಲ್ಲ. ಕಾರ್ಡ್ ಸಂಖ್ಯೆಯೇ ರೋಲ್ ನಂಬರ್ ಆಗಿರಲಿ. ತರಗತಿಯಲ್ಲಿ 63ಕ್ಕಿಂತ ಹೆಚ್ಚು ಮಂದಿ ಇದ್ದರೆ ಇಬ್ಬರಿಗೊಂದು ಕಾರ್ಡ್ ಕೊಡಿ: ಮೊದಲ ಉತ್ತರ ನೋಟ್‌ಬುಕ್‌ನಲ್ಲಿ, ಚರ್ಚೆಯ ನಂತರದ ಉತ್ತರ ಕಾರ್ಡ್‌ನಲ್ಲಿ. ನಿಮ್ಮ ಫೋನಿಗೂ ಸಿಗ್ನಲ್ ಇಲ್ಲದ ಕೊಠಡಿಯಾದರೆ ಎದೆಯ ಮುಂದೆ ಬೆರಳು ತೋರಿಸಿದರೂ ನಡೆಯುತ್ತದೆ: ಎ ಒಂದು, ಬಿ ಎರಡು. ಕೈ ತಲೆಯ ಮೇಲೆ ಹೋಗಬಾರದು, ಹಿಂದಿನವರು ನೋಡಿ ಬದಲಿಸುತ್ತಾರೆ.

ಕಾಲೇಜು ಸ್ವಲ್ಪ ಖರ್ಚು ಮಾಡಲು ಸಿದ್ಧವಿದ್ದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಮೂಡಲ್‌ಬಾಕ್ಸ್ (ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ಮೂಡಲ್ ತಂತ್ರಾಂಶದ ಸಿದ್ಧ ರೂಪ) ಹಾಕಿಸಬಹುದು. ಅಂಗೈಯಗಲದ ಆ ಬೋರ್ಡೇ ಸರ್ವರ್, ವೈಫೈ ಅದೇ ಕೊಡುತ್ತದೆ, ಇಂಟರ್ನೆಟ್ ಬೇಡ. ಎರಡು ಎಚ್ಚರಿಕೆ: ಬೋರ್ಡಿನೊಳಗಿನ ವೈಫೈ ಹತ್ತು ಹದಿನೈದು ಫೋನ್ ದಾಟಿದರೆ ತಡವರಿಸುತ್ತದೆ, ಪೂರ್ತಿ ತರಗತಿಗೆ ಬೇರೆ ಆಕ್ಸೆಸ್ ಪಾಯಿಂಟನ್ನು (ವೈಫೈ ಹರಡುವ ಸಾಧನ) ಕೇಬಲ್ ಮೂಲಕ ಜೋಡಿಸಿ. ಎರಡನೆಯದು, ಹಳೆಯ ಮೊಬೈಲ್ ಚಾರ್ಜರ್ ಚುಚ್ಚಿದರೆ ವೋಲ್ಟೇಜ್ ಸಾಲದೆ ತಾನೇ ರೀಸ್ಟಾರ್ಟ್ ಆಗುತ್ತದೆ. ಕರೆಂಟ್ ಹಠಾತ್ತನೆ ಹೋದರೆ ಮೆಮೊರಿ ಕಾರ್ಡ್ ಕೆಡಬಹುದು. ಪವರ್ ಬ್ಯಾಕಪ್ ಇಲ್ಲದ ಕೊಠಡಿಯಲ್ಲಿ ಇಡಬೇಡಿ, ಕಾರ್ಡಿನ ಒಂದು ನಕಲು ಬೀರುವಿನಲ್ಲಿರಲಿ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪಿಸಿಟ್ಟ ನೂರಾರು ಪ್ರಶ್ನೆಗಳಿವೆ. ಫಾರ್ಮ್‌ಗೆ ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಎಲ್ಲ ಮತ್ತೆ ಟೈಪಿಸಬೇಕೆ? ಅಲ್ಲದೆ ಸಾಹಿತ್ಯದ ಪಾಠಕ್ಕೆ ಈ ಮತ ಹಾಕಿಸುವ ಆಟ ಹೊಂದುತ್ತದೆಯೆ?
— ಕನ್ನಡ ಅಧ್ಯಾಪಕಿ, ತಿಪಟೂರು

ಉತ್ತರ: ಮತ್ತೆ ಟೈಪಿಸಬೇಕಿಲ್ಲ. ಹಳೆಯ ನುಡಿ ಕಡತಗಳಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ನುಡಿ ತಂತ್ರಾಂಶದ ಜೊತೆಗಿರುವ ಪರಿವರ್ತಕದಲ್ಲಿ ಆಸ್ಕಿಯಿಂದ (ಆ ಹಳೆಯ ಸಂಕೇತಕ್ರಮ) ಯೂನಿಕೋಡ್‌ಗೆ (ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಸಂಕೇತಕ್ರಮ) ಬದಲಿಸಿ. ಬದಲಿಸಿದ ಮೇಲೆ ಮೂರು ಕಡೆ ಕಣ್ಣು ಹಾಯಿಸಿ: ಅರ್ಕಾವತ್ತು ಇರುವ ಪದಗಳು, ಒತ್ತಕ್ಷರದ ಮೇಲೆ ಒತ್ತಕ್ಷರ ಬರುವ ಹಳಗನ್ನಡ ಪದಗಳು, ನಡುವೆ ಇದ್ದ ಇಂಗ್ಲಿಷ್ ಪದಗಳು. ಈ ಕೊನೆಯವು ವಿಚಿತ್ರ ಕನ್ನಡವಾಗಿ ಮಾರ್ಪಟ್ಟಿರುತ್ತವೆ. ಇನ್ನು ಮುಂದೆ ಯೂನಿಕೋಡ್‌ನಲ್ಲೇ ಟೈಪಿಸಿ. ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ಕನ್ನಡಕ್ಕೂ ಇದೆ. ಹೊಸಗನ್ನಡ ಗದ್ಯಕ್ಕೆ ಪರವಾಗಿಲ್ಲ, ಹಳಗನ್ನಡ ಓದಿಸಿದರೆ ಏನೇನೋ ಬರೆಯುತ್ತದೆ.

ಸಾಹಿತ್ಯಕ್ಕೂ ಮತ ಹೊಂದುತ್ತದೆ, ಸರಿ ಉತ್ತರ ಒಂದೇ ಎಂಬ ಹಟ ಬಿಟ್ಟರೆ. ಪಂಪನ ಕರ್ಣನ ಪ್ರಸಂಗ ಪಾಠವಿದೆ ಎನ್ನಿ. 'ಇಲ್ಲಿ ಕರ್ಣನನ್ನು ಹಿಡಿದಿಟ್ಟಿರುವುದು ಋಣವೋ, ಛಲವೋ, ಸ್ನೇಹವೋ?' ಎಂದು ಮತ ಹಾಕಿಸಿ, ಒಂದೇ ಉತ್ತರ ಆರಿಸಿದವರನ್ನು ಒಟ್ಟಿಗೆ ಕೂರಿಸಿ, ತಮ್ಮ ಪಕ್ಷಕ್ಕೆ ಪದ್ಯದಿಂದಲೇ ಎರಡು ಮಾತು ಎತ್ತಿ ತೋರಿಸಲು ಹೇಳಿ. ಆಗ ಪುಸ್ತಕ ತೆರೆಯದವರೂ ತೆರೆಯುತ್ತಾರೆ. ಓದು ಸುಧಾರಿಸಲು ಒಂದು ನಿಮಿಷದ ಧ್ವನಿ ಸಂದೇಶ ಒಳ್ಳೆಯ ದಾರಿ: ಒಂದು ಕಂದಪದ್ಯವನ್ನು ಪದ ಬಿಡಿಸಿ ಒಮ್ಮೆ, ಛಂದಸ್ಸಿನಲ್ಲಿ ಒಮ್ಮೆ ಓದಿ ಕಳಿಸಲಿ. ಅದಕ್ಕೆ ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಇದರಿಂದಲೇ ಹಿಂಜರಿಯುವುದುಂಟು. ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಆ ತಾಪತ್ರಯವಿಲ್ಲ.

ಪ್ರಶ್ನೆ: ಫ್ಲಿಪ್ಡ್ ಕ್ಲಾಸ್‌ರೂಮ್ (ಪಾಠ ಮನೆಯಲ್ಲಿ ನೋಡಿಕೊಂಡು ಬಂದು ತರಗತಿಯಲ್ಲಿ ಅಭ್ಯಾಸ ಮಾಡುವ ಕ್ರಮ) ಎಂದು 40 ನಿಮಿಷದ ವಿಡಿಯೊಗಳನ್ನು ಮಾಡಿ ಹಾಕಿದೆ. ಯಾರೂ ನೋಡಿಕೊಂಡು ಬರುತ್ತಿಲ್ಲ. ಕೊನೆಗೆ ಅದೇ ಪಾಠವನ್ನು ತರಗತಿಯಲ್ಲಿ ಇನ್ನೊಮ್ಮೆ ಮಾಡುತ್ತಿದ್ದೇನೆ.
— ಭೌತಶಾಸ್ತ್ರ ಉಪನ್ಯಾಸಕಿ, ಚಿಂತಾಮಣಿ

ಉತ್ತರ: ಇನ್ನೊಮ್ಮೆ ಮಾಡುತ್ತೀರಿ ಎಂದು ಗೊತ್ತಿರುವುದರಿಂದಲೇ ಅವರು ನೋಡುವುದಿಲ್ಲ. ಮೊದಲು ಅದನ್ನು ನಿಲ್ಲಿಸಿ. ತರಗತಿ ಶುರುವಾಗುತ್ತಲೇ ಮೂರು ಪ್ರಶ್ನೆಯ ಕಿರುಪರೀಕ್ಷೆ, ಐದು ನಿಮಿಷ. ನೋಡದೆ ಬಂದವರು ಹಿಂದಿನ ಸಾಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅಲ್ಲೇ ನೋಡಲಿ, ಉಳಿದವರು ಗುಂಪಿನಲ್ಲಿ ಲೆಕ್ಕ ಬಿಡಿಸಲಿ. ಬೈಯುವುದೇನೂ ಬೇಡ.

ವಿಡಿಯೊ 40 ನಿಮಿಷ ಇರಲೇಬಾರದು. ಎಡೆಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ ಆರು ನಿಮಿಷದ ಆಚೆಗೆ ನೋಡುಗರು ಉಳಿಯುವುದು ಕಡಿಮೆ. ಒಂದು ಪರಿಕಲ್ಪನೆಗೆ ಒಂದು ವಿಡಿಯೊ, ಆರು ನಿಮಿಷ. 480ಪಿ ಗಾತ್ರದಲ್ಲಿ, ಸೆಕೆಂಡಿಗೆ 500 ಕಿಲೋಬಿಟ್ ದರದಲ್ಲಿ ಉಳಿಸಿದರೆ ಅದು 25 ಎಂಬಿ ಆಸುಪಾಸು. ಡೇಟಾ ಪ್ಯಾಕ್ ಉಳಿಸುವ ಮಕ್ಕಳೂ ಇಳಿಸಿಕೊಳ್ಳುತ್ತಾರೆ. ಚಿತ್ರ ಮಸುಕಾದರೂ ಸಹಿಸುತ್ತಾರೆ, ಧ್ವನಿ ಕೆಟ್ಟರೆ ಸಹಿಸುವುದಿಲ್ಲ. ಫ್ಯಾನ್ ಆರಿಸಿ, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಡಿ. ವಿವರಣೆ ಕನ್ನಡದಲ್ಲಿ, ಪಾರಿಭಾಷಿಕ ಪದಗಳು ಪರೀಕ್ಷೆಯಲ್ಲಿ ಬರುವ ಇಂಗ್ಲಿಷಿನಲ್ಲಿ. ಮೂಡಲ್ ಇದ್ದರೆ ಎಚ್5ಪಿ ಎಂಬ ಸಲಕರಣೆಯಲ್ಲಿ ವಿಡಿಯೊ ಮೂರನೆಯ ನಿಮಿಷಕ್ಕೆ ನಿಂತು ಪ್ರಶ್ನೆ ಕೇಳುವಂತೆ ಮಾಡಬಹುದು.

ಉಳಿದ ತರಗತಿಯ ಹೊತ್ತಿಗೆ ಫೆಟ್ ಸಿಮ್ಯುಲೇಷನ್‌ಗಳನ್ನು (ಪರದೆಯ ಮೇಲೆ ನಡೆಸುವ ಪ್ರಯೋಗಗಳು) ಬಳಸಿ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ವಿಜೇತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ್ದು; ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಒಂದು ಪ್ರಶ್ನೆ: 60 ವಾಟ್ ಮತ್ತು 100 ವಾಟ್ ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿ 230 ವೋಲ್ಟ್ ಕೊಟ್ಟರೆ ಯಾವುದು ಪ್ರಕಾಶಮಾನ? ಬಹುಪಾಲು ಮಂದಿ 100 ಎನ್ನುತ್ತಾರೆ. ಊಹೆಯನ್ನು ಬರೆಸಿಕೊಂಡ ಮೇಲೆಯೇ ಸಿಮ್ಯುಲೇಷನ್ ತೆರೆಯಿರಿ. ನಿಜವಾದ ರೋಧ ಸುಮಾರು 882 ಮತ್ತು 529 ಓಮ್. ಸಿಮ್ಯುಲೇಷನ್‌ನಲ್ಲಿ ಅದೇ ಅನುಪಾತಕ್ಕೆ 88 ಮತ್ತು 53 ಇಡಿ. ಸರಣಿಯಲ್ಲಿ ಎರಡಕ್ಕೂ ಒಂದೇ ವಿದ್ಯುತ್ ಪ್ರವಾಹ, ರೋಧ ಹೆಚ್ಚಿರುವ 60 ವಾಟಿನದೇ ಹೆಚ್ಚು ಬೆಳಗುತ್ತದೆ. ಊಹೆ ಬರೆಸದೆ ನೇರ ತೋರಿಸಿದರೆ 'ನಾನೂ ಹಾಗೇ ಅಂದುಕೊಂಡಿದ್ದೆ' ಎನ್ನುವವರೇ ಎಲ್ಲ.

ಪ್ರಶ್ನೆ: ಅನುದಾನ ಬಂದಿದೆ. ಎರಡು ಕೊಠಡಿಗೆ ಸ್ಮಾರ್ಟ್ ಬೋರ್ಡ್ ಹಾಕಿಸಲೆ?
— ಪ್ರಾಂಶುಪಾಲರು, ಮುಳಬಾಗಿಲು

ಉತ್ತರ: ಬೇಡ ಸರ್. ಅದು ಅಧ್ಯಾಪಕರು ಇನ್ನಷ್ಟು ಬರೆಯುವ ಬೋರ್ಡ್, ವಿದ್ಯಾರ್ಥಿಗಳ ಕೈಗೆ ಏನೂ ಬರುವುದಿಲ್ಲ. ಅದೇ ದುಡ್ಡಿನಲ್ಲಿ ಪ್ರತಿ ಕೊಠಡಿಗೆ ಪ್ರೊಜೆಕ್ಟರ್, ಕಾಲರ್ ಮೈಕ್, ಯುಪಿಎಸ್, ಒಳ್ಳೆಯ ಆಕ್ಸೆಸ್ ಪಾಯಿಂಟ್ ಬರುತ್ತವೆ. ಜೊತೆಗೆ ಮೂವರಿಗೊಂದರಂತೆ ಕಿರು ವೈಟ್‌ಬೋರ್ಡ್; ಎ4 ಬಿಳಿ ಹಾಳೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಫೋಲ್ಡರ್‌ಗೆ ಸೇರಿಸಿದರೂ ಅದೇ ಕೆಲಸ. ಪರ್ಮನೆಂಟ್ ಮಾರ್ಕರ್ ಕೊಠಡಿಯೊಳಗೆ ಬರದಂತೆ ನೋಡಿಕೊಳ್ಳಿ.

ಪ್ರಶ್ನೆ: ಈ ಚರ್ಚೆ, ಮತ ಎಲ್ಲ ಮಾಡಿದರೆ ಸಿಲಬಸ್ ಮುಗಿಯುವುದಿಲ್ಲ. 'ಸರ್, ನೀವೇ ಪಾಠ ಮಾಡಿ, ಆಗಲೇ ಚೆನ್ನಾಗಿ ಅರ್ಥವಾಗುತ್ತೆ' ಎಂದು ಹುಡುಗರೇ ಹೇಳುತ್ತಾರೆ.
— ಹಿರಿಯ ಪ್ರಾಧ್ಯಾಪಕ, ಚಿಕ್ಕಬಳ್ಳಾಪುರ

ಉತ್ತರ: ಹುಡುಗರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗನ್ನಿಸುವುದು ನಿಜ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಇದನ್ನೇ ಪರೀಕ್ಷಿಸಿದ ಲೂಯಿ ಡೆಲೊರಿಯೆ ಮತ್ತು ಸಂಗಡಿಗರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸಕ್ರಿಯ ತರಗತಿಯಲ್ಲಿ ಕೂತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ಕಡಿಮೆ ಕಲಿತೆವು ಎಂದು ಹೇಳಿದರು. ಸುಲಲಿತ ಉಪನ್ಯಾಸ ಕೇಳುವಾಗ ತಲೆಗೆ ಶ್ರಮವಿಲ್ಲ. ಶ್ರಮವಿಲ್ಲದ್ದನ್ನೇ ಅರ್ಥವಾಯಿತು ಎಂದುಕೊಳ್ಳುತ್ತೇವೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ಸ್ಕಾಟ್ ಫ್ರೀಮನ್ ತಂಡ 2014ರಲ್ಲಿ ಕೊಟ್ಟ ಲೆಕ್ಕದಲ್ಲಿ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರು ಶೇ 33.8, ಸಕ್ರಿಯ ತರಗತಿಗಳಲ್ಲಿ ಶೇ 21.8. ಸೆಮಿಸ್ಟರ್‌ನ ಮೊದಲ ವಾರದಲ್ಲೇ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಿ, ಮೊದಲ ಇಂಟರ್ನಲ್ಸ್ ಆದ ಮೇಲೆ ಅವರದೇ ಅಂಕ ತೋರಿಸಿ. ಅಲ್ಲಿಯವರೆಗೆ ಗೊಣಗಾಟ ಇದ್ದೇ ಇರುತ್ತದೆ.

ಸಿಲಬಸ್ ಚಿಂತೆ ಮಾತ್ರ ನ್ಯಾಯವಾದದ್ದು. ಸುತ್ತೊಂದಕ್ಕೆ ಎಂಟು ನಿಮಿಷ ಎಲ್ಲಿಂದಾದರೂ ಬರಬೇಕಲ್ಲ? ನೋಟ್ಸ್ ಬರೆಸುವುದರಿಂದ ತೆಗೆಯಿರಿ. ಡಿಕ್ಟೇಷನ್‌ಗೆ ಹೋಗುವ ಇಪ್ಪತ್ತು ನಿಮಿಷದ ಬದಲು ನೋಟ್ಸನ್ನು ಜೆರಾಕ್ಸ್ ಅಥವಾ ಪಿಡಿಎಫ್ ಆಗಿ ಮೊದಲೇ ಕೊಟ್ಟುಬಿಡಿ, ಎರಡು ಸುತ್ತಿಗೆ ಜಾಗವಾಯಿತು. ಎಲ್ಲ ಯೂನಿಟ್‌ಗೂ ಇದನ್ನು ಹಚ್ಚಲು ಹೋಗಬೇಡಿ. ಪಟ್ಟಿ, ವರ್ಗೀಕರಣ, ಇತಿಹಾಸದ ಭಾಗಗಳನ್ನು ಎಂದಿನಂತೆ ಪಾಠ ಮಾಡಿ ಅಥವಾ ಓದಿಕೊಳ್ಳಲು ಬಿಡಿ. ಪ್ರತಿ ವರ್ಷ ಉತ್ತರಪತ್ರಿಕೆಯಲ್ಲಿ ತಪ್ಪು ಮರುಕಳಿಸುವ ಪ್ರಕರಣಗಳು ಒಂದು ಪತ್ರಿಕೆಯಲ್ಲಿ ಹತ್ತು ಹನ್ನೆರಡು ಸಿಗಬಹುದು. ಮೊದಲ ಸೆಮಿಸ್ಟರ್‌ಗೆ ಅಷ್ಟಕ್ಕೆ ಮಾತ್ರ ಪ್ರಶ್ನೆ ಬರೆದಿಟ್ಟುಕೊಳ್ಳಿ, ಅಂದರೆ ವಾರಕ್ಕೆ ಒಂದು.